ಅಡಿಕೆ ಚೊಗರಿನಿಂದ ಸಮುದ್ರದ ಯುರೇನಿಯಂ ಹಿಡಿಯಬಹುದಾ?

ಚೊಗರುಕೈ (ತೀರ್ಥಹಳ್ಳಿ ಹತ್ತಿರ)

ನಮಸ್ಕಾರ. ನಾನು ಅಡಿಕೆ ಬೆಳೆಗಾರ. ಕೆಮಿಸ್ಟ್ರಿ ಓದಿದ್ದು ಪಿಯುಸಿವರೆಗೆ, ಅದೂ ಎರಡು ಸಲ. ಪ್ರಶ್ನೆ ಪೆದ್ದು ಅನ್ನಿಸಿದರೆ ನಕ್ಕುಬಿಡಿ, ಆದರೆ ಉತ್ತರ ಕೊಟ್ಟು ನಗಿ.

ಎಂಟು ವರ್ಷದ ಹಿಂದೆ ಸುಗ್ಗಿ ಮಧ್ಯದಲ್ಲೇ ನಮ್ಮ ತಾಮ್ರದ ಹಂಡೆಯ ತಳ ತೂತಾಯಿತು. ರಿಪೇರಿಗೆ ವಾರ ಬೇಕು ಅಂದರು. ಸುಲಿದ ಅಡಿಕೆ ವಾರ ಕಾಯುತ್ತದಾ? ಕೊಟ್ಟಿಗೆಯಲ್ಲಿದ್ದ ಕಬ್ಬಿಣದ ಡ್ರಮ್ ತೊಳೆದು ಅದರಲ್ಲೇ ಬೇಯಿಸಿದೆ. ಅಮ್ಮ ಬೇಡ ಅಂದಿದ್ದಳು. ಕೆಂಪಗೆ ಬರಬೇಕಿದ್ದ ಅಡಿಕೆ ಮಸಿ ಬಳಿದ ಹಾಗೆ ಬಂತು. ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ರಸ, ಶಾಯಿಯಾಗಿತ್ತು. ವ್ಯಾಪಾರಿ ಒಂದು ಹೋಳು ಕಡಿದು ನೋಡಿ, “ಇದನ್ನ ನಿಮಗೆ ಆಗದವರ ಮನೆಗೆ ಕೊಡಿ” ಅಂದ. ಆ ವರ್ಷ ಎಷ್ಟು ಕಳೆದುಕೊಂಡೆ ಅಂತ ಇಲ್ಲಿ ಬರೆಯೋದಿಲ್ಲ. ಮನೆಯವಳೂ ಇದನ್ನು ಓದುತ್ತಾಳೆ.

ಈಗ ವಿಷಯ. ಮಗಳು ಎಂಎಸ್ಸಿ ಓದುತ್ತಿದ್ದಾಳೆ. ಸಮುದ್ರದ ನೀರಿನಲ್ಲಿ ಯುರೇನಿಯಂ, ಲಿಥಿಯಂ, ಚಿನ್ನ ಎಲ್ಲ ಇದೆಯಂತೆ. ಅದನ್ನು ಹಿಡಿಯೋಕೆ ಸಿಗಡಿ ಚಿಪ್ಪಿನ ಕೈಟೋಸಾನ್, ಪಚ್ಚಿಲೆ ಅನ್ನೋ ಚಿಪ್ಪಿನ ಜೀವಿ ಬಂಡೆಗೆ ಕಚ್ಚುವ ಅಂಟು ನೋಡಿ ಮಾಡಿದ ಲೇಪ, ಗಿಡದ ಒಗರಿನ ಅಂಶವಾದ ಟ್ಯಾನಿನ್, ಹೀಗೆ ಏನೇನೋ ಪ್ರಯೋಗ ನಡೆದಿದೆ ಅಂದಳು. ಟ್ಯಾನಿನ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ನಮ್ಮ ಚೊಗರು ಅದೇ ಅಲ್ವಾ? ನನ್ನ ಅಡಿಕೆ ಕಪ್ಪಾಗಿದ್ದೂ ಅದು ಡ್ರಮ್ಮಿನ ಕಬ್ಬಿಣವನ್ನು ಹಿಡಿದಿದ್ದಕ್ಕೇ ಅಂತೆ.

ಹಾಗಾದರೆ ಚೊಗರಿನಲ್ಲಿ ನೆನೆಸಿದ ಹಗ್ಗವನ್ನು ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆ ಇಳಿಬಿಟ್ಟರೆ ಯುರೇನಿಯಂ ಹತ್ತುತ್ತದಾ? ಹತ್ತಲ್ಲ ಅಂದರೆ ಯಾಕೆ?

ಬೀಕರ್ (ಶಿವಮೊಗ್ಗ)

ಪ್ರಶ್ನೆ ಪೆದ್ದಲ್ಲ. ಜಪಾನಿನವರು 1980ರ ದಶಕದಲ್ಲೇ ಪರ್ಸಿಮನ್ ಹಣ್ಣಿನ ಒಗರು ರಸದಿಂದ ಇದನ್ನೇ ಮಾಡಿ ನೋಡಿದ್ದಾರೆ. ಯುರೇನಿಯಂ ಹತ್ತಿತ್ತು ಕೂಡ. ಚೊಗರಿನ ಟ್ಯಾನಿನ್‌ನಲ್ಲಿ ಅಕ್ಕಪಕ್ಕ ಕೂತ ಎರಡೆರಡು ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳಿವೆ. ಏಡಿಯ ಕೊಂಡಿ ಇದ್ದ ಹಾಗೆ, ಲೋಹವನ್ನು ಎರಡೂ ಕಡೆಯಿಂದ ಕಚ್ಚುತ್ತವೆ. ಪಚ್ಚಿಲೆ ಅಂಟಿನಲ್ಲಿ ಇರುವುದೂ ಇದೇ ಕೊಂಡಿ. ಅದನ್ನು ನೋಡಿಯೇ 2007ರಲ್ಲಿ ಅಮೆರಿಕದಲ್ಲಿ ಡೋಪಮೈನ್ ಲೇಪ ಮಾಡಿದ್ದು. ಹೆಚ್ಚುಕಮ್ಮಿ ಯಾವ ವಸ್ತುವಿಗೆ ಬೇಕಾದರೂ ಅಂಟುತ್ತದೆ.

ಆದರೆ ಲೆಕ್ಕ ನೋಡಿ. 1000 ಲೀಟರ್ ಸಮುದ್ರದ ನೀರಿನಲ್ಲಿ ಯುರೇನಿಯಂ ಇರುವುದು 3.3 ಮಿಲಿಗ್ರಾಂ. ಲಿಂಗನಮಕ್ಕಿ ಡ್ಯಾಮಿನ ಸಾಮರ್ಥ್ಯ ಸುಮಾರು 151 ಟಿಎಂಸಿ ಅಲ್ವಾ? ಅದರ ತುಂಬ ಸಮುದ್ರದ ನೀರೇ ಇದೆ ಅಂದುಕೊಳ್ಳಿ. ಒಂದು ಹನಿ ಬಿಡದೆ ಸೋಸಿದರೆ 14 ಟನ್ ಯುರೇನಿಯಂ ಸಿಗುತ್ತದೆ. ಕೈಗಾದ 220 ಮೆಗಾವ್ಯಾಟಿನ ಒಂದು ಘಟಕಕ್ಕೆ ಒಂದು ವರ್ಷಕ್ಕೂ ಸಾಲದು. ಚಿನ್ನ? 10 ಕೋಟಿ ಟನ್ ನೀರಿಗೆ ಸುಮಾರು 1 ಗ್ರಾಂ. ಲಿಂಗನಮಕ್ಕಿ ಪೂರ್ತಿ ಸೋಸಿದರೆ 40 ಗ್ರಾಂ ಚಿಲ್ಲರೆ, ಒಂದು ಸರ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ದಂಡದ ಸಾಲ ತೀರಿಸೋಣ ಅಂತ ಫ್ರಿಟ್ಜ್ ಹೇಬರ್ ಹಡಗು ಹತ್ತಿ ಇದನ್ನೇ ಹುಡುಕಿದ. ನೊಬೆಲ್ ಬಂದವನು! ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಚಿನ್ನ ಇದೆ ಅಂತ ಗೊತ್ತಾಗಿ ಕೈಬಿಟ್ಟ.

ಇನ್ನೊಂದು ತೊಡಕು. ಸಮುದ್ರದಲ್ಲಿ ಯುರೇನಿಯಂ ಒಂಟಿಯಾಗಿ ಓಡಾಡುವುದಿಲ್ಲ. ಮೂರು ಕಾರ್ಬೊನೇಟ್‌ಗಳು ಅದರ ಸುತ್ತ ಕೈ ಹಿಡಿದು ನಿಂತಿರುತ್ತವೆ. ಆ ಕೈ ಬಿಡಿಸಿ ಎಳೆದುಕೊಳ್ಳಬೇಕು. ಅದಕ್ಕೆ ಈಗ ಹೆಚ್ಚಾಗಿ ಬಳಸುವುದು ಅಮಿಡಾಕ್ಸಿಮ್ ಅನ್ನುವ, ಯುರೇನಿಯಂ ಹಿಡಿಯುವ ರಾಸಾಯನಿಕ ಗುಂಪು ಕೂರಿಸಿದ ಪ್ಲಾಸ್ಟಿಕ್ ನಾರು. ಜಪಾನಿನವರು ಅದನ್ನು ಸಮುದ್ರದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು ಸುಮಾರು 1 ಕಿಲೋ ಯುರೇನಿಯಂ ತೆಗೆದಿದ್ದಾರೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರೂ (ಬಾರ್ಕ್) ಇಂಥದ್ದೇ ಹಾಳೆ ಮಾಡಿ ನೋಡಿದ್ದಾರೆ. ಇಷ್ಟಾದರೂ ವನೇಡಿಯಂ ಅನ್ನುವ ಇನ್ನೊಂದು ಲೋಹ ಬಂದು ಯುರೇನಿಯಂನ ಜಾಗದಲ್ಲಿ ಕೂತುಬಿಡುತ್ತದೆ. ತಮಾಷೆ ಅಂದರೆ ಸಮುದ್ರದಲ್ಲಿ ಅಸಿಡಿಯನ್ ಅಂತ ಚೀಲದಂಥ ಒಂದು ಜೀವಿ ಇದೆ. ಅದರ ಕೆಲವು ಜಾತಿಗಳು ಆ ವನೇಡಿಯಂ ಅನ್ನೇ ಲಕ್ಷಗಟ್ಟಲೆ ಪಟ್ಟು ಕೂಡಿಡುತ್ತವೆ. ಯಾಕೆ ಅಂತ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಜೊತೆಗೆ, ಬರೀ ಚೊಗರು ನೀರಿನಲ್ಲಿ ಕರಗುತ್ತದೆ. ಅದನ್ನು ಯಾವುದಕ್ಕಾದರೂ ಗಟ್ಟಿಯಾಗಿ ಕೂರಿಸಬೇಕು. ಚೀನಾದಲ್ಲಿ ತೊಗಲಿನ ನಾರಿಗೆ ಟ್ಯಾನಿನ್ ಕೂರಿಸಿದ್ದಾರೆ. ನಮ್ಮಲ್ಲಿ ತಂಗಡಿ ಚಕ್ಕೆ ಹಾಕಿ ತೊಗಲು ಹದ ಮಾಡುತ್ತಿದ್ದರಲ್ಲ, ಅದೇ ಕೆಲಸ.

ಅಂದಹಾಗೆ ಹೊಳೆ ಬಾಯಿ ಸರಿಯಾದ ಜಾಗ ಅಲ್ಲ. ಉಪ್ಪು ಕಡಿಮೆಯಾದಷ್ಟೂ ಯುರೇನಿಯಂ ಕಡಿಮೆ.

ಅಳಿವೆ (ಹೊನ್ನಾವರ)

ಕೆಮಿಸ್ಟ್ರಿ ನನಗೆ ಗೊತ್ತಿಲ್ಲ, ಹಗ್ಗ ಗೊತ್ತು. ಸಮುದ್ರದಲ್ಲಿ ಹಗ್ಗ ಬಿಟ್ಟು ಒಂದು ತಿಂಗಳಿಗೆ ಹೋಗಿ ನೋಡಿ. ಮೊದಲು ಲೋಳೆ, ಆಮೇಲೆ ಪಾಚಿ, ಆಮೇಲೆ ಚಿಪ್ಪು. ನಿಮ್ಮ ಚೊಗರಿನ ಮುಖ ಯುರೇನಿಯಂಗೆ ಕಾಣಿಸುವುದೇ ಇಲ್ಲ. ಪಚ್ಚಿಲೆ ನೋಡಿ ಅಂಟು ಕಲಿತರು ಅಂದಿರಲ್ಲ, ಆ ಪಚ್ಚಿಲೆಯೇ ಬಂದು ನಿಮ್ಮ ಹಗ್ಗದ ಮೇಲೆ ಸಂಸಾರ ಹೂಡುತ್ತದೆ. ಸಾರಿಗೆ ಅಡ್ಡಿಲ್ಲ.

ಚೊಗರುಕೈ (ತೀರ್ಥಹಳ್ಳಿ ಹತ್ತಿರ)

ಇಬ್ಬರಿಗೂ ಥ್ಯಾಂಕ್ಸ್. ಸುಮ್ನೆ ಕೂರಲಾಗದೆ ಒಂದು ಆಟ ಮಾಡಿದೆ. ಕೂರಿಸಬೇಕು ಅಂದಿರಲ್ಲ, ನನ್ನ ಸುಗ್ಗಿ ಪಂಚೆ ನೆನಪಾಯಿತು. ಅದರ ಚೊಗರಿನ ಕಲೆ ಯಾವ ಸೋಪಿಗೂ ಹೋಗಿಲ್ಲ. ಅದಕ್ಕಿಂತ ಗಟ್ಟಿಯಾಗಿ ಕೂರಿಸಲು ಯಾರಿಂದ ಸಾಧ್ಯ? ಕಲೆಯಾದ ಕಡೆ ಒಂದು ಪಟ್ಟಿ, ಬಿಳಿ ಇದ್ದ ಕಡೆ ಒಂದು ಪಟ್ಟಿ ಹರಿದುಕೊಂಡೆ. ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣ ಜಾಸ್ತಿ, ಬಕೆಟ್ ಎಲ್ಲ ಕೆಂಪು. ಎರಡನ್ನೂ ರಾತ್ರಿಯಿಡೀ ಅದರಲ್ಲಿ ನೆನೆಸಿದೆ.

ಬೆಳಿಗ್ಗೆ ನೋಡಿದರೆ ಬಿಳಿ ಪಟ್ಟಿಗೆ ತೆಳು ಹಳದಿ, ಅಷ್ಟೇ. ಚೊಗರಿನದು ಬೂದುಗಪ್ಪು! ಎಂಟು ವರ್ಷದ ಹಿಂದಿನ ಅದೇ ದರಿದ್ರ ಬಣ್ಣ, ಆದರೆ ಈ ಸಲ ಖುಷಿಯಾಯಿತು. ಅಮ್ಮ ನೋಡಿ, “ಇದಕ್ಕೇನು, ಹೆಗ್ಗೋಡಿನ ಚರಕ ಕೈಮಗ್ಗದವರು ಚೊಗರಿನಲ್ಲಿ ಸೀರೆಗೇ ಬಣ್ಣ ಹಾಕುತ್ತಾರೆ” ಅಂದು ಲಿಂಬೆಹಣ್ಣು ಹಿಂಡಿದಳು. ಕಪ್ಪು ತಿಳಿಯಾಗುತ್ತಾ ಬಂತು. ಅಂದರೆ ಹಿಡಿದ ಕಬ್ಬಿಣವನ್ನು ಹುಳಿ ಬಿಡಿಸಿತು, ಅಲ್ವಾ? ತೊಳೆದು ಮತ್ತೆ ನೆನೆಸಿದೆ. ಮತ್ತೆ ಕಪ್ಪಾಯಿತು, ಮೊದಲಿನಷ್ಟಲ್ಲ. ಮೂರನೇ ಸಲಕ್ಕೆ ಪಟ್ಟಿಗೇ ಸುಸ್ತು.

ಆಮೇಲೆ ತೋಟಕ್ಕೆ ಔಷಧಿ ಹೊಡೆಯಲು ತಂದ ಮೈಲುತುತ್ತವನ್ನು ಸ್ವಲ್ಪ ಕರಗಿಸಿ ಇನ್ನೊಂದು ಪಟ್ಟಿ ಅದ್ದಿದೆ. ಅದೂ ಬಣ್ಣ ಬದಲಾಯಿಸಿತು. ಕಬ್ಬಿಣ ಸಿಕ್ಕರೆ ಕಬ್ಬಿಣ, ತಾಮ್ರ ಸಿಕ್ಕರೆ ತಾಮ್ರ. ಯಾರು ಕರೆದರೂ ಊಟಕ್ಕೆ ಹೋಗುವ ನಮ್ಮ ದೊಡ್ಡಪ್ಪನ ಸ್ವಭಾವ. ಸಮುದ್ರದಲ್ಲಿ ಅಷ್ಟು ಜನರ ಮಧ್ಯೆ ಇದು ಯುರೇನಿಯಂ ಒಂದನ್ನೇ ಆರಿಸುವುದು ಕಷ್ಟ ಅಂತ ಈಗ ತಲೆಗೆ ಹೋಯಿತು. ಹಾಗಾದರೆ ಚೊಗರು ಎಲ್ಲಿ ಉಪಯೋಗ?

ಬೀಕರ್ (ಶಿವಮೊಗ್ಗ)

ನಿಮ್ಮ ಪಂಚೆ ನನ್ನ ಕ್ಲಾಸಿಗೆ ಬೇಕು. ಹಿಡಿಯುವುದು, ಹುಳಿಯಿಂದ ಬಿಡಿಸುವುದು, ಮತ್ತೆ ಬಳಸುವುದು, ಸುಸ್ತಾಗುವುದು, ಸಮುದ್ರದ ನಾರಿನ ಕತೆಯೂ ಇಷ್ಟೇ. ಅಲ್ಲಿ ಖರ್ಚು ಏರಿಸುವುದರಲ್ಲಿ ಕೊನೆಯದರ ಪಾಲು ದೊಡ್ಡದು.

ಉಪಯೋಗ ಬೇಕೆಂದರೆ ಲೋಹ ದಟ್ಟವಾಗಿರುವ ಕಡೆ ಹೋಗಿ. ಹಳೇ ಮೊಬೈಲ್, ಕಂಪ್ಯೂಟರ್ ಬೋರ್ಡುಗಳನ್ನು ಆಸಿಡ್‌ನಲ್ಲಿ ಕರಗಿಸಿದ ನೀರಿನಲ್ಲಿ ಟ್ಯಾನಿನ್ ಚಿನ್ನವನ್ನು ಬರೀ ಹಿಡಿಯುವುದಿಲ್ಲ, ಅದನ್ನು ಲೋಹವಾಗಿಯೇ ಇಳಿಸಿಬಿಡುತ್ತದೆ. ತಾಮ್ರಕ್ಕೆ ಆ ಭಾಗ್ಯ ಇಲ್ಲ. ಅಂದರೆ ಅಲ್ಲಿ ನಿಮ್ಮ ದೊಡ್ಡಪ್ಪನಿಗೂ ಆರಿಸಿ ಉಣ್ಣುವ ಬುದ್ಧಿ ಬರುತ್ತದೆ. ಆದರೆ ಆ ಆಸಿಡ್ ಕೆಲಸ ಮನೆಯಲ್ಲಿ ಖಂಡಿತ ಬೇಡ. ಯುರೇನಿಯಂ ಆಸೆಯಂತೂ ಬಿಡಿ. ಅಣುಶಕ್ತಿಗೆ ಬೇರೆಯೇ ಕಾನೂನು ಇದೆ. ನೀವು ಅದನ್ನು ಹಿಡಿಯುವ ಮೊದಲು ನಿಮ್ಮನ್ನು ಹಿಡಿಯುತ್ತಾರೆ.

ಗಟ್ಟಿ ಚೊಗರು ಒಂದು ಲೀಟರ್ ಕಳಿಸಲು ಆಗುತ್ತದಾ? ನಮ್ಮ ಹುಡುಗರಿಗೆ ಪ್ರಾಜೆಕ್ಟ್ ಮಾಡಿಸುತ್ತೇನೆ.

ಚೊಗರುಕೈ (ತೀರ್ಥಹಳ್ಳಿ ಹತ್ತಿರ)

ಒಂದಲ್ಲ, ಐದು ಲೀಟರ್ ಕಳಿಸುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹಾಕಲಾ? ಪ್ಲಾಸ್ಟಿಕ್ ಕ್ಯಾನಿನಲ್ಲೇ ಹಾಕುತ್ತೇನೆ, ತಗಡಿನ ಡಬ್ಬಿ ಮುಟ್ಟಬೇಡ ಅಂತ ಅಮ್ಮ ಪಕ್ಕದಲ್ಲೇ ನಿಂತಿದ್ದಾಳೆ.