ವೈರಸ್ ಹೋಯ್ತು, ಫೋಟೋ ಮಾತ್ರ ತೆರೆಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಮಗ ಮನೆ ಕಂಪ್ಯೂಟರ್‌ಗೆ ಯಾವುದೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ರ್ಯಾಕ್ (ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ) ಹಾಕಿದ್ದ. ಸ್ವಲ್ಪ ಹೊತ್ತಿಗೆ ಫೋಟೋ, ವರ್ಡ್ ಫೈಲ್, ಎಲ್ಲದರ ಹೆಸರಿಗೂ ನಾಲ್ಕಕ್ಷರದ ಬಾಲ ಬಂದಿದೆ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಟೆಕ್ಸ್ಟ್ ಫೈಲ್. 980 ಡಾಲರ್ ಕೊಡಿ, 72 ಗಂಟೆಯೊಳಗೆ ಮೇಲ್ ಮಾಡಿದರೆ 490 ಸಾಕು ಅಂತ ಅದರಲ್ಲಿದೆ. ಆಂಟಿವೈರಸ್ ಓಡಿಸಿದೆ, ಏನನ್ನೋ ಹಿಡಿದು ಅಳಿಸಿತು. ಬಾಲ ತೆಗೆದು ಹೆಸರು ಸರಿ ಮಾಡಿದರೂ ಫೋಟೋ ತೆರೆಯುತ್ತಿಲ್ಲ. ಫಾರ್ಮ್ಯಾಟ್ ಮಾಡಿಬಿಡಲಾ?

ಉತ್ತರ: ಈಗಲೇ ಬೇಡ. ವೈರಸ್ ತೆಗೆಯೋದು ಒಂದು ಕೆಲಸ, ಫೈಲ್ ಬಿಡಿಸೋದು ಇನ್ನೊಂದು. ಬೀಗ ಹಾಕಿದವನನ್ನು ಓಡಿಸಿದರೆ ಬೀಗ ತೆರೆಯುವುದಿಲ್ಲ ಅಲ್ವಾ? ಹೆಸರು ಬದಲಿಸಿದರೂ ಅಷ್ಟೇ, ಒಳಗಿನದು ಕಲಸಿಹೋಗಿದೆ.

ಆ ರೀಡ್‌ಮಿ ಚೀಟಿಯ ಮಾತು ನೋಡಿದರೆ ಇದು ಸ್ಟಾಪ್-ಡಿಜೆವಿಯು, ಅಂದ್ರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್. ಕ್ರ್ಯಾಕ್ ಜೊತೆ ಬರೋದೇ ಇದರ ಚಾಳಿ. (ಡಿಸ್ಕೌಂಟ್ ಬೇರೆ ಕೊಡ್ತಾರೆ, ನೋಡಿ!) ದುಡ್ಡು ಕೊಟ್ಟರೂ ಬೀಗ ತೆರೆಯುವ ಕೀ ಬಂದೇ ಬರುತ್ತದೆ ಅಂತ ಇಲ್ಲ.

ಮೊದಲು ಇಂಟರ್ನೆಟ್ ಕಿತ್ತುಹಾಕಿ. ಬ್ಯಾಕಪ್ ಇರುವ ಪೆನ್‌ಡ್ರೈವ್ ಚುಚ್ಚಲೇಬೇಡಿ. ಈ ವೈರಸ್ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ (ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಜಾಗ) ಟೈಮ್ ಟ್ರಿಗರ್ ಟಾಸ್ಕ್ ಅಂತ ಒಂದನ್ನು ಬಿಟ್ಟಿರುತ್ತದೆ. ಅದು ಪದೇ ಪದೇ ಎದ್ದು ಹೊಸ ಫೈಲ್‌ಗಳಿಗೂ ಬೀಗ ಜಡಿಯುತ್ತದೆ. ಅದು ಹೋಗಿದೆಯಾ ನೋಡಿ. ಆಂಟಿವೈರಸ್ ಕಂಪನಿಗಳ ಸೈಟ್ ತೆರೆಯದಿದ್ದರೆ ಯಾವ ಸೈಟ್ ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಹೇಳುವ ಹೋಸ್ಟ್ಸ್ ಫೈಲನ್ನು ವೈರಸ್ ತಿದ್ದಿರಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಇದರ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬರುವುದುಂಟು. ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಇವತ್ತೇ ಬದಲಿಸಿ, ಆ ಕಂಪ್ಯೂಟರ್‌ನಿಂದಲ್ಲ, ಫೋನ್‌ನಿಂದ.

ಆಮೇಲೆ ಚೀಟಿಯ ಕೊನೆಯಲ್ಲಿರುವ ಪರ್ಸನಲ್ ಐಡಿ ನೋಡಿ. ಟಿ1 ಅಂತ ಮುಗಿಯುತ್ತದಾ?

ಪ್ರಶ್ನೆ: ಹೌದು ಸರ್, ಟಿ1 ಅಂತಲೇ ಇದೆ. ಒಳ್ಳೆಯದಾ?

ಉತ್ತರ: ಇದ್ದುದರಲ್ಲಿ ಒಳ್ಳೆಯದು. ಬೀಗ ಹಾಕುವಾಗ ಅದಕ್ಕೆ ತನ್ನ ಸರ್ವರ್ ಸಿಕ್ಕಿಲ್ಲ, ಹಾಗಾಗಿ ಜೊತೆಯಲ್ಲೇ ತಂದಿದ್ದ ಆಫ್‌ಲೈನ್ ಕೀ ಬಳಸಿದೆ. ಆ ತಳಿ ಹೀಗೆ ತಗುಲಿದವರಿಗೆಲ್ಲ ಒಂದೇ ಕೀ. ಸರ್ವರ್ ಸಿಕ್ಕಿದ್ದರೆ ನಿಮಗೇ ಅಂತ ಬೇರೆ ಕೀ ಮಾಡುತ್ತಿತ್ತು, ಆಗ ಕಷ್ಟ. ಎಂಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿಯ ಡಿಕ್ರಿಪ್ಟರ್ (ಬೀಗ ಬಿಡಿಸುವ ಟೂಲ್) ಉಚಿತ, ಅವರ ಸೈಟ್‌ನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಸಿಕ್ಕ ಸೈಟ್‌ನಿಂದೆಲ್ಲ ಬೇಡ. 2020ರಲ್ಲಿ ಇದೇ ಡಿಜೆವಿಯು ಬಿಡಿಸುವ ಟೂಲ್ ಅಂತ ಹೇಳಿಕೊಂಡು ಜೋರಾಬ್ ಎಂಬ ಇನ್ನೊಂದು ರಾನ್ಸಮ್‌ವೇರ್ ಬಂದಿತ್ತು. ಬೀಗದ ಮೇಲೆ ಬೀಗ.

ಇನ್ನೊಬ್ಬರು: ನನಗೂ ಇದೇ ಆಗಿದೆ, ಆದರೆ ಐಡಿ ಟಿ1 ಅಲ್ಲ. ದೊಡ್ಡ ವಿಡಿಯೋಗಳಿವೆ. ಆಸೆ ಬಿಡಬೇಕಾ?

ಉತ್ತರ: ವಿಡಿಯೋ ಅಂದ್ರೆ ಬಿಡಬೇಡಿ. ಡಿಜೆವಿಯು ಫೈಲ್‌ನ ಮೊದಲ ಸುಮಾರು 150 ಕೆಬಿ ಮಾತ್ರ ಕಲಸುತ್ತದೆ. ಒಂದು ಜಿಬಿ ವಿಡಿಯೋದಲ್ಲಿ ಅದೆಷ್ಟು? ಅದೇ ಕ್ಯಾಮೆರಾದ ಒಂದು ಸರಿಯಾದ ವಿಡಿಯೋ ಕೊಟ್ಟರೆ ರಿಪೇರಿ ಟೂಲ್‌ಗಳು ಎಷ್ಟೋ ಸಲ ಉಳಿಸಿಕೊಡುತ್ತವೆ. ದೊಡ್ಡ ಜಿಪ್‌ನಲ್ಲೂ ಮೊದಲ ಒಂದೆರಡು ಫೈಲ್ ಬಿಟ್ಟು ಉಳಿದವು ಸಿಗಬಹುದು. ಚಿಕ್ಕ ವರ್ಡ್ ಫೈಲ್ ಪೂರ್ತಿ ಹೋದ ಹಾಗೆಯೇ. ಗೂಗಲ್ ಡ್ರೈವ್, ಒನ್‌ಡ್ರೈವ್‌ನಲ್ಲಿ ಇದ್ದವಾದರೆ ಹಳೆಯ ವರ್ಷನ್ ನೋಡಿ, ಆದರೆ ತಡ ಮಾಡಬೇಡಿ.

ಪ್ರಶ್ನೆ: ಸರ್, ಟೂಲ್ ಓಡಿಸಿದೆ. ಆಫ್‌ಲೈನ್ ಐಡಿ, ಮುಂದೆ ಬಿಡಿಸಲು ಆಗಬಹುದು ಅಂತ ಬಂತು. ಒಂದು ಫೋಟೋನೂ ತೆರೆದಿಲ್ಲ.

ಉತ್ತರ: ನಿಮ್ಮ ತಳಿಯ ಕೀ ಇನ್ನೂ ಅವರ ಕೈಗೆ ಬಂದಿಲ್ಲ, ಅಷ್ಟೇ. ದುಡ್ಡು ಕಟ್ಟಿದ ಯಾರಾದರೂ ಕೀ ಹಂಚಿಕೊಂಡರೆ ಸೇರಿಸುತ್ತಾರೆ. ಬೀಗ ಬಿದ್ದ ಫೈಲ್‌ಗಳನ್ನೂ ಆ ಚೀಟಿಯನ್ನೂ ಒಂದು ಖಾಲಿ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ಎತ್ತಿಡಿ. ಟೆಸ್ಲಾಕ್ರಿಪ್ಟ್ ಎಂಬ ಇನ್ನೊಂದು ರಾನ್ಸಮ್‌ವೇರ್ ಮಾಡಿದವರು 2016ರ ಮೇನಲ್ಲಿ ತಾವಾಗಿಯೇ ಮಾಸ್ಟರ್ ಕೀ (ಎಲ್ಲರ ಬೀಗಕ್ಕೂ ಆಗುವ ಕೀ) ಬಿಟ್ಟುಕೊಟ್ಟರು. ಅಷ್ಟರಲ್ಲಿ ಡಿಸ್ಕ್ ಅಳಿಸಿಕೊಂಡವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಕಾಪಿ ಆದ ಮೇಲೆ ಧಾರಾಳವಾಗಿ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಟೂಲ್ ಮತ್ತೆ ಇಳಿಸಿಕೊಂಡು ಒಂದೇ ಒಂದು ಫೋಟೋ ಮೇಲೆ ಓಡಿಸಿ ನೋಡಿ. ಅದು ತೆರೆದ ದಿನ ಇಲ್ಲಿ ಬಂದು ಹೇಳಿ.