ಸಹಾಯ ಬೇಕು: ಹೊಸದು ಕಲಿಸಿದರೆ ಮಾಡೆಲ್ ಹಳೆಯದನ್ನು ಮರೆಯುತ್ತಿದೆ

7 ಬಿಲಿಯನ್ ಪ್ಯಾರಾಮೀಟರ್‌ಗಳ ಭಾಷಾ ಮಾಡೆಲ್‌ಗೆ ಲೋರಾ ಮೂಲಕ, ಅಂದರೆ ಮೂಲ ವೆಯ್ಟ್‌ಗಳನ್ನು (ಮಾಡೆಲ್ ಕಲಿತ ಸಂಖ್ಯೆಗಳನ್ನು) ಮುಟ್ಟದೆ ಅಡಾಪ್ಟರ್ ಎಂಬ ಚಿಕ್ಕ ಭಾಗ ಸೇರಿಸಿ ಅದಕ್ಕಷ್ಟೇ ತರಬೇತಿ ಕೊಟ್ಟು (ರ‍್ಯಾಂಕ್ 16 ಎಂಬ ಅಡಾಪ್ಟರ್ ಗಾತ್ರ; ಲರ್ನಿಂಗ್ ರೇಟ್, ಅಂದರೆ ಪ್ರತಿ ಹೆಜ್ಜೆಯ ಬದಲಾವಣೆಯ ಪ್ರಮಾಣ, 0.0002; 3 ಇಪಾಕ್, ಅಂದರೆ ಡೇಟಾದ ಮೇಲೆ 3 ಸುತ್ತು) ಕಾನೂನು ಪ್ರಶ್ನೋತ್ತರ ಕಲಿಸಿದ ಮೇಲೆ ಗಣಿತ, ಸಾರಾಂಶ ಎರಡೂ ಕೆಟ್ಟಿವೆ. ಅಡಾಪ್ಟರ್ ತೆಗೆದರೆ ಎಲ್ಲ ಸರಿ. ಅಂದರೆ ಮೂಲ ವೆಯ್ಟ್‌ಗಳು ಹಾಗೇ ಇವೆ, ಅಡಾಪ್ಟರ್ ಸೇರಿಸುವ ಬದಲಾವಣೆಯೇ ಹಳೆಯದನ್ನು ಮುಚ್ಚಿಹಾಕುತ್ತಿದೆ. ರೇಟ್ 0.00005ಕ್ಕೆ ಇಳಿಸಿ 1 ಇಪಾಕ್‌ಗೆ ನಿಲ್ಲಿಸಿದರೆ ಮರೆವು ಕಡಿಮೆ, ಆದರೆ ಕಲಿಕೆಯೂ ಅರೆಬರೆ.

ಹಳೆಯ ಡೇಟಾ ಬೆರೆಸೋಣವೆಂದರೆ ಮೂಲ ತರಬೇತಿಯ ಡೇಟಾ ಸಿಗುವುದಿಲ್ಲ. ಮೂಲ ಮಾಡೆಲ್‌ನಿಂದಲೇ ಉತ್ತರ ಬರೆಸಿ ಶೇ. 10ರಷ್ಟು ಬೆರೆಸಿದರೆ ಸಾಕೇ? ಅಥವಾ ಲಾಸ್‌ಗೆ (ತರಬೇತಿಯಲ್ಲಿ ತಗ್ಗಿಸುವ ತಪ್ಪಿನ ಅಳತೆಗೆ) ಕೆಎಲ್ ದಂಡ, ಅಂದರೆ ಮೂಲ ಮಾಡೆಲ್‌ನ ಔಟ್‌ಪುಟ್‌ನಿಂದ ದೂರ ಸರಿದಷ್ಟೂ ಹೆಚ್ಚುವ ದಂಡ, ಸೇರಿಸಬೇಕೇ? ಅಡಾಪ್ಟರ್ ಆಫ್ ಮಾಡಿ ಇನ್ನೊಮ್ಮೆ ಓಡಿಸಿದರೆ ಹೋಲಿಕೆಗೆ ಬೇಕಾದ ಔಟ್‌ಪುಟ್ ಸಿಗುತ್ತದೆ, ಮಾಡೆಲ್‌ನ ಎರಡನೇ ಪ್ರತಿ ಬೇಡ. ದಯವಿಟ್ಟು ಇಡಬ್ಲ್ಯೂಸಿ (ಹಳೆಯ ಕೆಲಸಕ್ಕೆ ಮುಖ್ಯವಾದ ವೆಯ್ಟ್‌ಗಳು ಹೆಚ್ಚು ಬದಲಾಗದಂತೆ ತಡೆಯುವ ವಿಧಾನ) ಸೂಚಿಸಬೇಡಿ: 16 ಬಿಟ್‌ನಲ್ಲಿ ವೆಯ್ಟ್‌ಗಳಿಗೇ 14 ಜಿಬಿ, ಪ್ರತಿ ವೆಯ್ಟ್ ಎಷ್ಟು ಮುಖ್ಯವೆಂದು ಹೇಳುವ ಫಿಶರ್ ಮೌಲ್ಯಗಳಿಗೆ ಮತ್ತೆ ಅಷ್ಟೇ, ಇಲ್ಲಿರುವ ಜಿಪಿಯು 24 ಜಿಬಿ. ಕೆಎಲ್ ಬಳಸಿದವರು ಗುಣಾಂಕ ಎಷ್ಟಿಟ್ಟಿದ್ದೀರಿ, ತಿಳಿಸಿ.