ಹೊಳೆದಂಡೆಯ ಹಳೇ ಅಪ್ಪೆಮಿಡಿ ಮರ ಉಳಿಸುವುದು ಹೇಗೆ? ಅಡುಗೆ ಬರೆದಿಟ್ಟರೆ ಸಾಕಾ?

ಹೊಳೆಬದಿಯವ:
ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ಸಿದ್ದಾಪುರದ ಕಡೆ, ನಾನಿರುವುದು ಬೆಂಗಳೂರಿನಲ್ಲಿ. ಅಘನಾಶಿನಿ ಹೊಳೆಯ ದಂಡೆಯಲ್ಲಿ ನಮ್ಮದೊಂದು ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನಮಿಡಿ) ಮರ ಇದೆ. ಅಜ್ಜ ಹುಡುಗನಾಗಿದ್ದಾಗಲೇ ಅದು ದೊಡ್ಡ ಮರವಂತೆ. ಮಿಡಿಯ ತೊಟ್ಟು ಮುರಿದರೆ ಸಾಕು, ಜೀರಿಗೆ ಪರಿಮಳ. ಭರಣಿಯಲ್ಲಿ ನಾಲ್ಕೈದು ವರ್ಷ ಇಟ್ಟರೂ ಮೆತ್ತಗಾಗುವುದಿಲ್ಲ. ಈಗ ಹೊಳೆ ಬುಡ ಕೊರೆದಿದೆ, ಒಂದು ಕಡೆಯ ಟೊಂಗೆಯೆಲ್ಲ ಒಣಗಿದೆ. ಅಮ್ಮ ಗೊರಟು ಹಾಕಿ ಸಸಿ ಮಾಡು ಅನ್ನುತ್ತಾಳೆ, ದೊಡ್ಡಪ್ಪ ಕಸಿಯೇ ಆಗಬೇಕು ಅನ್ನುತ್ತಾರೆ. ಯಾವುದು ಸರಿ?

ಇನ್ನೊಂದು ವಿಷಯ. ತೊಡೆದೇವು, ಅಪ್ಪೆಹುಳಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಮಳೆಗಾಲದ ಬಗೆಬಗೆಯ ತಂಬುಳಿ, ಇದನ್ನೆಲ್ಲ ಅಮ್ಮನ ಹತ್ತಿರ ಕೇಳಿ ಬರೆದು ವಿಡಿಯೋ ಮಾಡಿಡಬೇಕು ಅಂತಿದ್ದೇನೆ. ಇಷ್ಟಾದರೆ ನಮ್ಮ ಕಡೆಯ ಊಟ ಉಳಿದ ಹಾಗೆ ಅಲ್ವಾ?

ಕಸಿಕತ್ತಿ (ಶಿರಸಿ):
ದೊಡ್ಡಪ್ಪ ಹೇಳಿದ್ದು ಸರಿ. ಗೊರಟಿನಿಂದ ಹುಟ್ಟಿದ ಸಸಿಗೆ ತಾಯಿಮರದ ಗುಣ ಹಾಗೇ ಬರುವುದಿಲ್ಲ. ಹೂವಿಗೆ ಯಾವ ಮರದ ಪರಾಗ ಬಂದಿತ್ತೋ ಯಾರಿಗೆ ಗೊತ್ತು! ಹತ್ತು ವರ್ಷ ಸಾಕಿದ ಮೇಲೆ ಪರಿಮಳವೇ ಇಲ್ಲದ ಕಾಡುಮಾವು ಬಿಟ್ಟರೆ ಏನು ಮಾಡುತ್ತೀರಿ? ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಅಂತ ಒಂದೊಂದು ಮರಕ್ಕೆ ಒಂದೊಂದು ಹೆಸರು ಬಂದದ್ದು ಸುಮ್ನೆ ಅಲ್ಲ. ಪ್ರತಿ ಮರವೂ ಬೇರೆಯೇ. ಹಾಗಾಗಿ ಅದೇ ರುಚಿ ಬೇಕಾದರೆ ಅದೇ ಮರದ ಕಡ್ಡಿ ಬೇಕು.

ಗೊರಟೂ ಬೇಕು, ಆದರೆ ಅದು ಅಡಿಗಿಡಕ್ಕೆ, ಅಂದರೆ ಕಡ್ಡಿಯನ್ನು ಕಸಿ ಕಟ್ಟುವ ಬೇರಿರುವ ಸಸಿಗೆ. ಯಾವುದಾದರೂ ಗಟ್ಟಿ ಕಾಡುಮಾವಿನ ಸಸಿ ಆದೀತು. ನಿಮ್ಮ ಮರದ ತುದಿಯಿಂದ ಬಲಿತ, ಆದರೆ ಇನ್ನೂ ಚಿಗುರೊಡೆಯದ ಕಡ್ಡಿ ಆರಿಸಿ. ಒಂದು ವಾರ, ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ, ಆಗ ಮೊಗ್ಗು ಉಬ್ಬುತ್ತದೆ. ಕತ್ತರಿಸಿದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೇಗ ಕಸಿ ಕಟ್ಟುವವರ ಕೈಗೆ ಕೊಡಿ, ಬೆಂಗಳೂರಿಗೆ ಒಯ್ದು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಬೇಡಿ ಮಾರಾಯ್ರೆ. ಮುದಿ ಮರದಲ್ಲಿ ಒಳ್ಳೆ ಕಡ್ಡಿ ಸಿಗುವುದು ಕಷ್ಟ. ಜೀವ ಇರುವ ಕಡೆ ಒಂದು ಸಣ್ಣ ಟೊಂಗೆ ಕಡಿದರೆ ಹೊಸ ಚಿಗುರು ಬರುತ್ತದೆ, ಮುಂದಿನ ಸಲಕ್ಕೆ ಅದು ಆಗುತ್ತದೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಅಪ್ಪೆಮಿಡಿ ಕಸಿ ಮಾಡುವ ನರ್ಸರಿಗಳಿವೆ, ಕೇಳಿ ನೋಡಿ.

ಗಿಡ ಆದ ಮೇಲೆ ಎಲ್ಲವನ್ನೂ ನಿಮ್ಮ ಜಾಗದಲ್ಲೇ ನೆಡಬೇಡಿ. ನೆಂಟರಿಗೆ, ಪಕ್ಕದ ಊರಿನವರಿಗೆ ಕೊಡಿ. ಒಂದು ಕಡೆ ಹೊಳೆ ತಿಂದರೆ ಇನ್ನೊಂದು ಕಡೆ ಇರುತ್ತದೆ. ಮತ್ತೆ ಮಿಡಿ ಕೊಯ್ಯುವವರ ಮೇಲೆ ಒಂದು ಕಣ್ಣಿರಲಿ. ಮರ ಹತ್ತುವ ಬದಲು ಟೊಂಗೆಯನ್ನೇ ಕಡಿದು ಬೀಳಿಸುವವರಿದ್ದಾರೆ, ಹೊಳೆಸಾಲಿನಲ್ಲಿ ಎಷ್ಟೋ ಒಳ್ಳೊಳ್ಳೆ ಮರ ಹೋದದ್ದು ಹಾಗೆಯೇ.

ಗಜನಿ ಕಡೆಯವಳು (ಕುಮಟಾ):
ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ, ಸಾಲುವುದಿಲ್ಲ. ಇದೇ ಅಘನಾಶಿನಿ ಸಮುದ್ರ ಸೇರುವ ಕಡೆ ನಮ್ಮ ಊರು. ಇಲ್ಲಿ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಬೆಳೆಯುತ್ತಾರೆ. ಉಪ್ಪುನೀರು ಬಂದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ಭತ್ತ. ಗೊಬ್ಬರ ಇಲ್ಲ, ಔಷಧಿ ಇಲ್ಲ, ಮೊಳಕೆ ಬರಿಸಿ ಬಿತ್ತುವುದು ಅಷ್ಟೇ. ಕೊಯ್ಯುವಾಗ ನೀರಿನಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಾರೆ. ಬುಡದ ಹುಲ್ಲು ಅಲ್ಲೇ ಕೊಳೆತು ಸಿಗಡಿಗೆ, ಮೀನಿಗೆ ಮೇವಾಗುತ್ತದೆ, ಭತ್ತ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಮೀನು. ಕಗ್ಗದ ಕುಚ್ಚಲಕ್ಕಿ ಗಂಜಿ, ಬದಿಗೆ ಒಣಮೀನಿನ ಚಟ್ನಿ, ಇದರ ರೆಸಿಪಿ ಬರೆಯಲಿಕ್ಕೆ ಎರಡು ಸಾಲು ಸಾಕು.

ಆದರೆ ಅಕ್ಕಿ ಎಲ್ಲಿಂದ ಬರಬೇಕು? ನಮ್ಮ ಕರಾವಳಿಯ ತೇವಕ್ಕೆ ಬಿತ್ತನೆ ಭತ್ತ ಬಹಳ ದಿನ ಬಾಳುವುದಿಲ್ಲ, ವರ್ಷ ವರ್ಷ ಬಿತ್ತುತ್ತಲೇ ಇರಬೇಕು. ಮತ್ತೆ ಗಜನಿ ಒಬ್ಬರಿಂದ ಆಗುವ ಕೆಲಸ ಅಲ್ಲ. ಒಡ್ಡು ಎಲ್ಲರದ್ದು. ಉಪ್ಪುನೀರು ತಡೆಯುವ ಜಂತ್ರಡಿಯ ಹಲಗೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವುದನ್ನು ಎಲ್ಲರೂ ಕೂಡಿ ನೋಡಿಕೊಳ್ಳಬೇಕು. ಪಕ್ಕದವರು ಸಿಗಡಿಗೆ ಅಂತ ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ನನ್ನ ಗದ್ದೆಯಲ್ಲಿ ಕಗ್ಗವೂ ಏಳುವುದಿಲ್ಲ. ಸುತ್ತಲಿನವರು ಬೀಳು ಬಿಟ್ಟರೆ ಹಕ್ಕಿಗಳೆಲ್ಲ ನನ್ನೊಬ್ಬಳ ಗದ್ದೆಗೇ ಇಳಿಯುತ್ತವೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಒಡ್ಡಿಗೆ ಮಣ್ಣು ಹಾಕುವವರು ನಾವೇ.

ವಿಡಿಯೋ ಬೇಡ ಅನ್ನುತ್ತಿಲ್ಲ. ಮಾಡುವುದಾದರೆ ಒಲೆಯ ಮುಂದೆ ಅಲ್ಲ, ಗದ್ದೆ ತೋಟದಿಂದ ಶುರು ಮಾಡಿ.

ಇಶಾಡು ಪ್ರಿಯ (ಅಂಕೋಲಾ):
ಎಲ್ಲ ಸರಿ, ಆದರೆ ದುಡ್ಡಿನ ಮಾತು ಯಾಕೆ ಯಾರೂ ಎತ್ತುತ್ತಿಲ್ಲ? ನಮ್ಮ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ (ಊರಿನ ಹೆಸರಿನ ಬೆಳೆಗೆ ಕೊಡುವ ಭೌಗೋಳಿಕ ಸೂಚಕ ಮಾನ್ಯತೆ) ಬಂತು. ಶಿರಸಿ ಅಡಿಕೆಗೆ 2019ರಲ್ಲೇ ಬಂದಿತ್ತು. ಅಪ್ಪೆಮಿಡಿಗೂ ಇದೆ. ಬೇರೆ ಊರಿನ ಹಣ್ಣಿಗೆ ನಮ್ಮ ಹೆಸರು ಹಚ್ಚುವುದನ್ನು ಪ್ರಶ್ನಿಸಬಹುದು, ಅಷ್ಟರಮಟ್ಟಿಗೆ ಒಳ್ಳೆಯದು. ಮರ ನೆಡುವ ಕೆಲಸ ಜಿಐ ಮಾಡುವುದಿಲ್ಲ. ಕರಿ ಇಶಾಡಿನ ಸಿಪ್ಪೆ ತೆಳು, ರಸ ಜಾಸ್ತಿ, ದೂರಕ್ಕೆ ಕಳಿಸಿದರೆ ದಾರಿಯಲ್ಲೇ ಹಾಳು. ಅದಕ್ಕೇ ಇಲ್ಲಿ ರಸ ತೆಗೆದು ಡಬ್ಬಿಗೆ ತುಂಬುವ ರೂಢಿ ಬಂದದ್ದು. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟಾ ಸಿಹಿ ಈರುಳ್ಳಿ ನೋಡಿ. ಯಾರೂ ಸಂರಕ್ಷಣೆ ಅಂತ ಭಾಷಣ ಮಾಡಲಿಲ್ಲ, ಕಾರು ನಿಲ್ಲಿಸಿ ಕೊಳ್ಳುವವರು ಇದ್ದಾರೆ, ಅದಕ್ಕೇ ಇಂದಿಗೂ ಬೆಳೆಯುತ್ತಾರೆ. ಊರಿನ ಮೇಲೆ ಪ್ರೀತಿ ಇರುವ ಬೆಂಗಳೂರಿನವರು ರೇಟು ಕೇಳಿ ಚೌಕಾಸಿ ಮಾಡದೆ ತಗೊಳ್ಳಿ, ದೊಡ್ಡ ಉಪಕಾರ.

ತೋಟದಮನೆ ಅಕ್ಕ (ಶಿರಸಿ):
ತಮ್ಮಾ, ವಿಡಿಯೋ ಮಾಡು, ಆದರೆ ನೀನೂ ಕೈ ಹಾಕು. ತೊಡೆದೇವನ್ನು ನೋಡಿ ಕಲಿಯಲಿಕ್ಕೆ ಆಗುವುದಿಲ್ಲ. ಅಕ್ಕಿಯನ್ನು ಕಬ್ಬಿನಹಾಲಿನಲ್ಲಿ ರುಬ್ಬಿ ತೆಳ್ಳಗೆ ಮಾಡಿ, ಬೋರಲು ಹಾಕಿದ ಕಾದ ಮಡಕೆಯ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿಯಬೇಕು. ಬೆಂಕಿ ಜೋರಾದರೆ ಸುಡುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಆ ಹದ ಕೈಗೆ ಹತ್ತಬೇಕು, ಮೊಬೈಲಿಗೆ ಹತ್ತಿದರೆ ಏನು ಬಂತು? ಆಲೆಮನೆ ಸೀಸನ್ನಿನಲ್ಲಿ ರಜೆ ಹಾಕಿ ಬಾ.

ಅಮ್ಮನ ಹತ್ತಿರ ಕೇಳುವಾಗ ಅಳತೆ ಕೇಳಬೇಡ, "ಎಷ್ಟು ಬೇಕೋ ಅಷ್ಟು" ಅಂತಲೇ ಉತ್ತರ ಬರುತ್ತದೆ. ಯಾವ ಮರದ ಹಲಸು ಹಪ್ಪಳಕ್ಕೆ, ಯಾವುದು ಉಪ್ಪಿಗೆ ಹಾಕಲಿಕ್ಕೆ, ತಂಬುಳಿಗೆ ಯಾವ ಕುಡಿ ಎಲ್ಲಿ ಸಿಗುತ್ತದೆ, ಅದನ್ನು ಕೇಳು. ಅದು ಯಾವ ಪುಸ್ತಕದಲ್ಲೂ ಇಲ್ಲ. ಮಿಡಿ ಕೊಯ್ಯುವಾಗ ನೆಲಕ್ಕೆ ಬೀಳಿಸಬಾರದು, ಪೆಟ್ಟಾದ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ, ಸೊನೆಯನ್ನು ತೊಳೆದು ಚೆಲ್ಲಬಾರದು, ಪರಿಮಳ ಅದರಲ್ಲೇ ಇರುವುದು. ಇಂಥದ್ದನ್ನೆಲ್ಲ ಬರೆದಿಡು. ಬೀಜ ಬೇಕಾದರೆ ಶಿರಸಿಯಲ್ಲಿ ವನಸ್ತ್ರೀ ಬಳಗದವರ ಮಲೆನಾಡು ಮೇಳಕ್ಕೆ ಹೋಗು, ಮನೆ ಹಿತ್ತಲಿನ ತರಕಾರಿ ಬೀಜ, ಗೆಡ್ಡೆ ಎಲ್ಲ ಹೆಂಗಸರು ತರುತ್ತಾರೆ.

ಹೊಳೆಬದಿಯವ:
ಎಲ್ಲರಿಗೂ ಧನ್ಯವಾದ. ಮೊದಲು ಕಸಿ, ವಿಡಿಯೋ ಆಮೇಲೆ. ಗಜನಿಯವರೇ, ಕಗ್ಗದ ಅಕ್ಕಿ ಮಾರಾಟಕ್ಕೆ ಇದ್ದರೆ ತಿಳಿಸಿ, ಚೌಕಾಸಿ ಇಲ್ಲ. ಕಸಿಕತ್ತಿಯವರೇ, ಕಡ್ಡಿ ಎಷ್ಟು ದಪ್ಪ ಇರಬೇಕು? ದೊಡ್ಡಪ್ಪ ಬೆರಳು ತೋರಿಸಿ ಇಷ್ಟು ಅನ್ನುತ್ತಾರೆ.

ಕಸಿಕತ್ತಿ:
ಬೆರಳಿನಷ್ಟು ಬೇಡ, ಪೆನ್ಸಿಲ್ ದಪ್ಪ ಸಾಕು. ಅಡಿಗಿಡದ ಕಾಂಡವೂ ಅಷ್ಟೇ ಇದ್ದರೆ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂರುತ್ತದೆ. ಜಾಸ್ತಿ ಕಡ್ಡಿ ತನ್ನಿ, ಕಟ್ಟಿದ್ದೆಲ್ಲ ಹಿಡಿಯುವುದಿಲ್ಲ.